ವಿಡಿಯೊ ಕಾಲ್‌ನಲ್ಲಿ ಹೊಸ ಐಡಿಯಾ ಹುಟ್ಟುವುದೇ ಇಲ್ಲವೇ?

‘ಎಲ್ಲರೂ ಆಫೀಸಿನಲ್ಲಿ ಕೂತರೆ ಮಾತ್ರ ಒಳ್ಳೆಯ ಡಿಸೈನ್ ಬರುತ್ತದೆ. ವಿಡಿಯೊ ಕಾಲ್‌ನಲ್ಲಿ ತಲೆ ಓಡುವುದಿಲ್ಲ ಎಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ.’ ಇಂಥ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಡಿಸೈನ್ ಮಾಡಿಕೊಡುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಮಾತು ನಿಜವಾದರೆ ಊರು, ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಬೇಕು. ಹಾಗಾದರೆ ಸತ್ಯ ಏನು?

ಅಧ್ಯಯನ ಹೇಳಿದ್ದೇನು?

2022ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಅವರ ಅಧ್ಯಯನ ಪ್ರಕಟವಾಯಿತು. ಅವರು 602 ಜನರನ್ನು ಇಬ್ಬಿಬ್ಬರ ಜೋಡಿಯಾಗಿ ಮಾಡಿದರು. ಕೆಲವು ಜೋಡಿಗಳು ಒಂದೇ ಕೋಣೆಯಲ್ಲಿ ಎದುರುಬದುರು ಕೂತವು. ಉಳಿದವರು ಬೇರೆ ಬೇರೆ ಕೋಣೆಯಿಂದ ವಿಡಿಯೊದಲ್ಲಿ ಮಾತನಾಡಿದರು. ಒಂದು ಸಾಮಾನ್ಯ ವಸ್ತುವನ್ನು ಹೊಸದಾಗಿ ಹೇಗೆಲ್ಲ ಬಳಸಬಹುದು ಎಂದು ಐದು ನಿಮಿಷ ಯೋಚಿಸಿ, ಆಮೇಲೆ ಅದರಲ್ಲಿ ಒಂದನ್ನು ಆರಿಸುವುದು ಅವರ ಕೆಲಸ.

ಎದುರು ಕೂತವರಿಗೆ ಸರಾಸರಿ ಸುಮಾರು 17 ಐಡಿಯಾ ಹೊಳೆದವು, ವಿಡಿಯೊದವರಿಗೆ ಸುಮಾರು 15. ಐದು ದೇಶಗಳ ಸುಮಾರು 1,500 ಎಂಜಿನಿಯರುಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಇಂಥದ್ದೇ ಫಲಿತಾಂಶ ಬಂತು.

ಕಾರಣ ಕಣ್ಣು. ವಿಡಿಯೊದಲ್ಲಿ ಇರುವವರು ಪರದೆಯ ಮೇಲಿನ ಮುಖವನ್ನೇ ನೋಡುತ್ತಿದ್ದರು. ಎದುರು ಕೂತವರ ದೃಷ್ಟಿ ಕೋಣೆಯಲ್ಲೆಲ್ಲ ಓಡಾಡುತ್ತಿತ್ತು. ನೋಟ ಒಂದೇ ಕಡೆ ನೆಟ್ಟಾಗ ಯೋಚನೆಯೂ ಅಲ್ಲೇ ನಿಲ್ಲುತ್ತದೆ ಎಂಬುದು ಸಂಶೋಧಕರ ವಿವರಣೆ.

ಫಾರ್ವರ್ಡ್ ಬಿಟ್ಟುಬಿಟ್ಟ ಅರ್ಧ

ಬಂದ ಐಡಿಯಾಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ವಿಡಿಯೊದವರು ಹಿಂದೆ ಬೀಳಲಿಲ್ಲ, ತುಸು ಮುಂದಿರಬಹುದು ಎಂಬ ಸುಳಿವೂ ಸಿಕ್ಕಿತು. ಅಂದರೆ ತೊಂದರೆ ಇರುವುದು ಒಂದೇ ಹಂತದಲ್ಲಿ. ಇದು ಸ್ವಲ್ಪ ಹೊತ್ತು ಮಾತ್ರ ಜೊತೆಗೂಡಿದವರ ಪರೀಕ್ಷೆ ಎಂಬುದೂ ನೆನಪಿರಲಿ. ವರ್ಷಗಟ್ಟಲೆ ಒಟ್ಟಿಗೆ ದುಡಿದ ತಂಡಕ್ಕೆ ಇದನ್ನೇ ತೀರ್ಪು ಎನ್ನಲಾಗದು.

ಒಟ್ಟಿಗೆ ಕೂತ ಮಾತ್ರಕ್ಕೆ ಐಡಿಯಾ ಸುರಿಯುತ್ತದೆ ಎಂಬುದೂ ನಿಜವಲ್ಲ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ, ನಾಲ್ವರು ಗುಂಪಾಗಿ ಚರ್ಚಿಸಿದಾಗ ಬಂದದ್ದಕ್ಕಿಂತ, ನಾಲ್ವರು ಬೇರೆ ಬೇರೆ ಯೋಚಿಸಿ ಒಟ್ಟುಗೂಡಿಸಿದಾಗ ಹೆಚ್ಚುಕಡಿಮೆ ಎರಡರಷ್ಟು ಐಡಿಯಾ ಸಿಕ್ಕವು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಆ ಹೊತ್ತಿಗೆ ಹೊಳೆದದ್ದು ಮರೆತುಹೋಗಬಹುದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಕೆಲಸ ಹಂಚಿಕೊಂಡು ಒಂದೇ ವಿನ್ಯಾಸ ಕಟ್ಟುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣ ಬದಿಯ ಶಿಲ್ಪಗಳು ಬೈಚೋಜನವು, ಉತ್ತರ ಬದಿಯವು ಮಲ್ಲಿತಮ್ಮನವು. ಇಬ್ಬರ ಕೈಚಳಕ ಬೇರೆ, ಗುಡಿ ಒಂದೇ.

ದೂರದ ತಂಡ ಏನು ಮಾಡಬಹುದು?

• ಮೀಟಿಂಗ್‌ಗೆ ಮೊದಲೇ ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ, ಕಾಗದದಲ್ಲಿ ಗೀಚಿ.
• ಎಲ್ಲವನ್ನೂ ಫಿಗ್ಮಾ, ಮಿರೋದಂಥ ಹಂಚಿಕೆಯ ಬೋರ್ಡಿಗೆ ಹಾಕಿ. ಬೋರ್ಡ್ ಇಲ್ಲದಿದ್ದರೆ ಫೋಟೊ ತೆಗೆದು ಗುಂಪಿಗೆ ಕಳಿಸಿದರೂ ಸಾಕು.
• ಐಡಿಯಾ ಹುಡುಕುವ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಿ. ಜಗಲಿಗೆ ಬನ್ನಿ, ಓಡಾಡುತ್ತಾ ಮಾತನಾಡಿ.
• ಆರಿಸುವ, ತಿದ್ದುವ ಕೆಲಸಕ್ಕೆ ವಿಡಿಯೊ ಕಾಲ್ ಇಟ್ಟುಕೊಳ್ಳಿ.
• ಹೊಸ ಪ್ರಾಜೆಕ್ಟ್ ಶುರುವಾಗುವಾಗ ಸಾಧ್ಯವಾದರೆ ಒಂದು ದಿನ ಮುಖತಃ ಸೇರಿ.

ನಮ್ಮ ತೀರ್ಮಾನ: ಅರ್ಧ ಸತ್ಯ. ವಿಡಿಯೊ ಕಾಲ್‌ನಲ್ಲಿ ಐಡಿಯಾಗಳ ಸಂಖ್ಯೆ ಕಡಿಮೆಯಾಗಬಹುದು, ಆದರೆ ಅದಕ್ಕೆ ದಾರಿಯಿದೆ. ಆ ಸಂದೇಶ ಮತ್ತೆ ಬಂದರೆ, ಉಳಿದರ್ಧವನ್ನೂ ಸೇರಿಸಿ ಕಳಿಸಿ.