ಕಾರ್ಯಕ್ರಮ ನಿರ್ವಹಣೆ: ವೃತ್ತಿಯ ಸಾರ್ಥಕತೆ

ನಿಗದಿತ ಅವಧಿಯಲ್ಲಿ ಸರ್ಕಾರಿ ಸೇವೆ ಒದಗಿಸುವ ‘ಸಕಾಲ’ ಕಾರ್ಯಕ್ರಮವು 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಕರ್ನಾಟಕದಾದ್ಯಂತ ಜಾರಿಗೆ ಬಂದಿತು. ಇಂತಹ ಕಾರ್ಯಕ್ರಮವನ್ನು ನಿರ್ವಹಿಸುವ ಅಧಿಕಾರಿಯು ಅರ್ಜಿದಾರರ ಪ್ರಮಾಣಪತ್ರಗಳಿಗೆ ಸ್ವತಃ ಸಹಿ ಮಾಡುವುದಿಲ್ಲ. ಇಲಾಖೆಗಳ ನಡುವೆ ಸಮನ್ವಯ ಸಾಧಿಸುವುದು, ಸಿಬ್ಬಂದಿಗೆ ತರಬೇತಿ ಒದಗಿಸುವುದು, ಬಾಕಿ ಅರ್ಜಿಗಳನ್ನು ಪರಿಶೀಲಿಸಿ ವಿಳಂಬದ ಮೂಲವನ್ನು ಸರಿಪಡಿಸುವುದು ಅವರ ಹೊಣೆ.

ಅವಧಿ ಮೀರಿದಲ್ಲಿ ದಿನವೊಂದಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಅರ್ಜಿದಾರರಿಗೆ ಪರಿಹಾರ ನೀಡಲು ಅಧಿನಿಯಮವು ಅವಕಾಶ ಕಲ್ಪಿಸಿದೆ. ಆ ಮೊತ್ತವನ್ನು ಪಾವತಿಸುವ ಸಂದರ್ಭವೇ ಒದಗದಂತೆ ನೋಡಿಕೊಳ್ಳುವುದು ಉತ್ತಮ ನಿರ್ವಹಣೆಯ ಲಕ್ಷಣ.

ವಿಳಂಬದ ಒಂದು ಕಾರಣ ನಿವಾರಣೆಯಾದಲ್ಲಿ, ಮುಂದೆ ಬರುವ ಎಲ್ಲ ಅರ್ಜಿದಾರರಿಗೂ ಅದರ ಪ್ರಯೋಜನ ದೊರೆಯುತ್ತದೆ. ದಿನದ ಕೂಲಿ ಬಿಟ್ಟು ಕಚೇರಿಗೆ ಬರುವವರ ಅನಗತ್ಯ ಅಲೆದಾಟ ತಪ್ಪುವುದೇ ಈ ವೃತ್ತಿಯ ನಿಜವಾದ ಪ್ರತಿಫಲ.