ಸಾಮಾಜಿಕ ಸಂಶೋಧನೆ ಮತ್ತು ಸರ್ಕಾರದ ನೀತಿ: ನಂಜುಂಡಪ್ಪ ವರದಿಯ ನಿದರ್ಶನ

ಒಂದೇ ಬಗೆಯ ಯಂತ್ರೋಪಕರಣಗಳನ್ನು ಬೇರೆ ಬೇರೆ ತಾಲ್ಲೂಕುಗಳಲ್ಲಿ ಸ್ಥಾಪಿಸಿದ ಇಬ್ಬರು ಸಣ್ಣ ಉದ್ದಿಮೆದಾರರಿಗೆ ದೊರೆಯುವ ಬಂಡವಾಳ ಸಹಾಯಧನದಲ್ಲಿ ವ್ಯತ್ಯಾಸವಿರಬಹುದು. ತಾಲ್ಲೂಕು ಯಾವ ವಲಯಕ್ಕೆ ಸೇರಿದೆ ಎಂಬುದೇ ಇದಕ್ಕೆ ಕಾರಣ. ಈ ವಿಂಗಡಣೆಯ ಹಿಂದೆ ಒಂದು ಸಾಮಾಜಿಕ-ಆರ್ಥಿಕ ಅಧ್ಯಯನವಿರುವ ಸಂಗತಿ ಸಹಾಯಧನ ಪಡೆದವರಲ್ಲಿಯೂ ಅನೇಕರಿಗೆ ತಿಳಿದಿಲ್ಲ.

ಉತ್ತರ ಕರ್ನಾಟಕ ಹಿಂದುಳಿದಿದೆ ಎಂಬ ಅಸಮಾಧಾನ ಏಕೀಕರಣದ ಕಾಲದಿಂದಲೂ ಇತ್ತು. ಆದರೆ ಭಾಷಣದ ಆಧಾರದ ಮೇಲೆ ಆಯವ್ಯಯದಲ್ಲಿ ಹಣ ಮೀಸಲಿಡಲಾಗದು. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿ ಈ ಕೊರತೆಯನ್ನು ನೀಗಿಸಿತು. ಕೃಷಿ, ಕೈಗಾರಿಕೆ ಮತ್ತು ವ್ಯಾಪಾರ, ರಸ್ತೆ, ಬ್ಯಾಂಕು, ಶಿಕ್ಷಣ, ಆರೋಗ್ಯ ಮೊದಲಾದವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ನೀಡಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿರುವುದನ್ನು ಹಿಂದುಳಿದ ತಾಲ್ಲೂಕೆಂದು ಪರಿಗಣಿಸಲಾಯಿತು.

ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಕಂಡುಬಂದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಗಮನಾರ್ಹ ಸಂಗತಿಯೆಂದರೆ, ಈ 114ರಲ್ಲಿ 55 ದಕ್ಷಿಣ ಕರ್ನಾಟಕದಲ್ಲಿಯೇ ಇದ್ದವು. ಆದರೆ ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಹೀಗೆ ವರದಿಯು ಉತ್ತರದ ದೂರನ್ನು ದೃಢಪಡಿಸಿದಂತೆಯೇ, ದಕ್ಷಿಣವೆಲ್ಲ ಸುಖವಾಗಿದೆ ಎಂಬ ನಂಬಿಕೆಯನ್ನೂ ಅಲ್ಲಗಳೆಯಿತು. ಇಬ್ಬರಿಗೂ ಪೂರ್ತಿ ಹಿತವಾಗದ ಲೆಕ್ಕವಾದುದರಿಂದಲೇ ಅದನ್ನು ತಳ್ಳಿಹಾಕುವುದು ಕಷ್ಟವಾಯಿತೆನ್ನಬಹುದು.

ವರದಿ ಬಂದೊಡನೆ ಹಣ ಬರಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಗೆ ಸಮಿತಿ ಶಿಫಾರಸು ಮಾಡಿತ್ತು; ಅದರ ಅನುಷ್ಠಾನ ಆರಂಭವಾದದ್ದು 2007-08ರಲ್ಲಿ. 2009-14ರ ಕೈಗಾರಿಕಾ ನೀತಿಯು ರಿಯಾಯಿತಿಗಳ ವಲಯ ವಿಂಗಡಣೆಗೆ ಇದೇ ವರ್ಗೀಕರಣವನ್ನು ಬಳಸಿಕೊಂಡಿತು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯ ಬೇಡಿಕೆ ವರದಿಗಿಂತ ಹಳೆಯದು. ಆದರೂ ಅದರ ವಾದಕ್ಕೆ ಈ ಅಂಕಿಗಳು ಬಲ ನೀಡಿದವು.

ಈಗ ತಾಲ್ಲೂಕುಗಳ ಸಂಖ್ಯೆ 230ನ್ನು ದಾಟಿದೆ. ಎರಡು ದಶಕಗಳ ಹಿಂದಿನ ಪಟ್ಟಿ ಇಂದಿನ ಸ್ಥಿತಿಗೆ ಹೊಂದದು. ಪ್ರಾದೇಶಿಕ ಅಸಮತೋಲನದ ಮರುಅಧ್ಯಯನಕ್ಕಾಗಿ ಸರ್ಕಾರವು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಇಂತಹ ಅಧ್ಯಯನಗಳ ಗುಣಮಟ್ಟವು ಮೂಲ ಅಂಕಿಅಂಶಗಳನ್ನು ಅವಲಂಬಿಸಿದೆ. ಕೈಗಾರಿಕೆ ಹಾಗೂ ವ್ಯಾಪಾರದ ಅಂಕಿಗಳನ್ನು ಒದಗಿಸಬೇಕಾದವರು ಉದ್ದಿಮೆದಾರರೇ. ಸಮೀಕ್ಷೆಗೆ ಬಂದ ಸಿಬ್ಬಂದಿಗೆ ಕಾರ್ಮಿಕರ ಸಂಖ್ಯೆಯನ್ನೋ ವಹಿವಾಟನ್ನೋ ಅಂದಾಜಿನಲ್ಲಿ ಹೇಳಿ ಕಳುಹಿಸುವ ರೂಢಿ ಅನೇಕ ಘಟಕಗಳಲ್ಲಿದೆ. ಮಾಹಿತಿ ತೆರಿಗೆ ಇಲಾಖೆಯ ಕೈಸೇರೀತೆಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಆದರೆ 2008ರ ಅಂಕಿಅಂಶ ಸಂಗ್ರಹಣಾ ಅಧಿನಿಯಮದಡಿ ನೀಡಿದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಹಾಗೂ ಅದೇ ಅಧಿನಿಯಮದ ಉಲ್ಲಂಘನೆಯ ಮೊಕದ್ದಮೆಗೆ ಹೊರತು ಬೇರಾವುದಕ್ಕೂ ಬಳಸುವಂತಿಲ್ಲ. ಘಟಕದ ಗುರುತು ತಿಳಿಯುವಂತೆ ಪ್ರಕಟಿಸುವಂತೆಯೂ ಇಲ್ಲ. ಸಮೀಕ್ಷೆಯ ನಮೂನೆ ಬಂದಾಗ ಅದು ಯಾವ ಅಧಿನಿಯಮದಡಿ ಬಂದಿದೆಯೆಂದು ಮೊದಲು ನೋಡಿ, ನಂತರ ಲೆಕ್ಕಪುಸ್ತಕವನ್ನು ಮುಂದಿಟ್ಟುಕೊಂಡು ಭರ್ತಿ ಮಾಡುವುದು ಸೂಕ್ತ.