ಅಡುಗೆಮನೆಗೆ ಮೊದಲು ಗವಾಕ್ಷಿ, ಆಮೇಲೆ ಗ್ರಾನೈಟ್

ಕೆಮ್ಮು, ಉಬ್ಬಸವೆಂದು ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರ ನಾಡಿ ನೋಡಿದ ಬಳಿಕ ನಾವು ಕೇಳುವ ಮೊದಲ ಪ್ರಶ್ನೆ ಅಡುಗೆಮನೆಯ ಕುರಿತಾದುದು. ಅಲ್ಲಿಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ? "ಈಗ ಗ್ಯಾಸ್ ಬಂದಿದೆ ಡಾಕ್ಟ್ರೇ, ಹೊಗೆ ಎಲ್ಲಿಯದು?" ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ವಿಚಾರಿಸುತ್ತ ಹೋದರೆ ಬಚ್ಚಲ ಹಂಡೆಗೆ ಬಳ್ಳಾರಿ ಜಾಲಿಯ ಸೌದೆ, ಸಿಲಿಂಡರ್ ಮುಗಿದ ದಿನಗಳಲ್ಲಿ ಮುದ್ದೆಗೂ ಅದೇ ಸೌದೆ, ದಿನಕ್ಕೆ ಎರಡು ಬಾರಿ ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ಎಂಬುದು ಒಂದೊಂದಾಗಿ ಹೊರಬೀಳುತ್ತದೆ. ಬೀಡಿಯನ್ನು ಮುಟ್ಟಿ ನೋಡದ ಹೆಣ್ಣುಮಕ್ಕಳ ಎದೆಯಲ್ಲಿ ಬೀಡಿ ಸೇದುವವರ ಎದೆಯ ಸದ್ದು ಕೇಳಿಸುವುದು ಇದರಿಂದಲೇ. ಮನೆಯೊಳಗಿನ ಹೊಗೆಯ ಕಾರಣದಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನವು ಹಿಕ್ಕಾ ಮತ್ತು ಶ್ವಾಸರೋಗಗಳ ಕಾರಣಗಳನ್ನು ಹೇಳುವಾಗ ಧೂಳು, ಹೊಗೆಗಳನ್ನು ಮೊದಲಲ್ಲೇ ಎತ್ತಿಕೊಳ್ಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಭಕ್ತರ ಮನೆಗಳಲ್ಲಿ ಅಡುಗೆಮನೆಯನ್ನು ಹೊಸದಾಗಿಸುವ ಹಂಬಲ ಹೆಚ್ಚಿದೆ. ಅದು ಸಂತೋಷದ ಸಂಗತಿಯೇ. ಎಣ್ಣೆ ಗಿರಣಿಯಲ್ಲಿ ದುಡಿಯುವವರು, ಮಗ್ಗದ ಮುಂದೆ ಕುಳಿತವರು, ಶೇಂಗಾ ಬೆಳೆದು ಮಳೆಗೆ ಕಾಯುವವರು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಮನೆಯೊಡತಿಯ ಅನುಕೂಲಕ್ಕೆಂದು ತೆಗೆಯುವುದು ಸಣ್ಣ ಮಾತಲ್ಲ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿದಾಗ ವೈದ್ಯರಾದ ನಮಗೆ ಕಳವಳವಾಗುತ್ತದೆ. ಮೊಳಕಾಲ್ಮೂರು ಕಡೆಯ ಒಂದು ನೇಕಾರ ಕುಟುಂಬ ಸ್ತ್ರೀಶಕ್ತಿ ಸಂಘದ ಸಾಲವೂ ಸೇರಿ ಎಪ್ಪತ್ತು ಸಾವಿರ ರೂಪಾಯಿ ಹೊಂದಿಸಿ ಅಡುಗೆಮನೆಯನ್ನು ಮಾಡಿಸಿತು. ಹೊಳೆಯುವ ಗ್ರಾನೈಟ್ ಕಟ್ಟೆ ಬಂದಿತು, ತಲೆಯ ಮೇಲೆ ಸಾಲು ಕಪಾಟುಗಳು ಬಂದವು. ಕಪಾಟಿಗೆ ಗೋಡೆ ಸಾಲದೆಂದು ಇದ್ದ ಒಂದೇ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದರು. ಆರು ತಿಂಗಳಲ್ಲಿ ಆ ಮನೆಯ ಸೊಸೆ ರಾತ್ರಿಯ ಕೆಮ್ಮನ್ನು ಹೊತ್ತು ನಮ್ಮಲ್ಲಿಗೆ ಬಂದರು. ಕಂತು ಇನ್ನೂ ಕಟ್ಟುತ್ತಿದ್ದರು. ಕಷಾಯ, ಲೇಹ್ಯಗಳನ್ನು ಕೊಟ್ಟೆವು; ಕೆಮ್ಮು ಹಿಡಿತಕ್ಕೆ ಬಂದದ್ದು ಮಾತ್ರ ಒಂದು ಕಪಾಟು ಕಳಚಿ ಕಿಟಕಿಯನ್ನು ಮತ್ತೆ ಒಡೆದ ಮೇಲೆ.

ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ, ಅರಸನನ್ನು ವಿಷದಿಂದ ಕಾಪಾಡುವ ಸಂದರ್ಭದಲ್ಲಿ, ಮಹಾನಸ ಅಂದರೆ ಅಡುಗೆಮನೆ ಹೇಗಿರಬೇಕೆಂದು ಹೇಳಿದೆ. ಪ್ರಶಸ್ತವಾದ ದಿಕ್ಕಿನಲ್ಲಿರಬೇಕು, ಪಾತ್ರೆಗಳು ಶುಚಿಯಾಗಿರಬೇಕು, ವಿಶಾಲವಾಗಿರಬೇಕು, ಜಾಲರಿಯೂ ಗವಾಕ್ಷಿಗಳೂ ಇರಬೇಕು ಎಂಬುದು ಅದರ ಸಾರ. ನಮ್ಮ ಜನ ಇದರಲ್ಲಿ ದಿಕ್ಕನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಆಗ್ನೇಯಕ್ಕೆ ಒಲೆ ಬರಲೆಂದು ಗಟ್ಟಿ ಗೋಡೆಯನ್ನು ಒಡೆದು ಅರ್ಧ ಹಣ ಕಳೆದುಕೊಂಡವರನ್ನು ಬಲ್ಲೆವು. ಗವಾಕ್ಷಿಯ ಮಾತನ್ನು ಎತ್ತಿದವರು ವಿರಳ. ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಒಲೆಯ ನೇರಕ್ಕೆ ಮಾಳಿಗೆಯಲ್ಲೊಂದು ಗವಾಕ್ಷಿ ಇರುತ್ತಿತ್ತು. ಮಳೆ ಬಂದರೆ ಬಂಡೆ ಎಳೆದು ಮುಚ್ಚುತ್ತಿದ್ದರು, ಬಿಸಿಲಿಗೆ ತೆರೆಯುತ್ತಿದ್ದರು. ಬೆಳಕು ಇಳಿಯುತ್ತಿತ್ತು, ಹೊಗೆ ಏರುತ್ತಿತ್ತು. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂದಾಗ ಆ ಕಿಂಡಿಯೂ ಹೋಯಿತು.

ಆದುದರಿಂದ ಕೈಯಲ್ಲಿರುವ ಹಣ ಎಷ್ಟೇ ಇರಲಿ, ಮೊದಲ ಪಾಲು ಗಾಳಿಗೆ ಸಲ್ಲಬೇಕು. ಒಲೆಯ ಹತ್ತಿರದ ಗೋಡೆಯಲ್ಲಿ, ಸೂರಿಗೆ ಸಮೀಪವಾಗಿ ಒಂದು ಎಕ್ಸಾಸ್ಟ್ ಫ್ಯಾನ್ ಇರಲಿ. ಅದರ ಎದುರು ಬದಿಯಲ್ಲಿ ಗಾಳಿ ಒಳಬರಲು ಕಿಟಕಿಯೋ ಬಾಗಿಲೋ ತೆರೆದಿರಲಿ. ಒಳಬರುವ ದಾರಿ ಇಲ್ಲದೆ ಫ್ಯಾನ್ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಆಷಾಢದಲ್ಲಿ ನಮ್ಮ ಬಯಲಿನ ಮೇಲೆ ನೈರುತ್ಯದ ಗಾಳಿ ಹೇಗೆ ಬೀಸುತ್ತದೆಂದು ತಮಗೆ ಗೊತ್ತೇ ಇದೆ. ಪಶ್ಚಿಮ, ದಕ್ಷಿಣದ ಗೋಡೆಗೆ ಫ್ಯಾನ್ ಕೂರಿಸಿದರೆ ಆ ಗಾಳಿ ಘಾಟನ್ನು ಧೂಳಿನ ಸಮೇತ ಒಳಕ್ಕೇ ತಳ್ಳುತ್ತದೆ; ಸಾಧ್ಯವಿದ್ದಲ್ಲಿ ಪೂರ್ವ ಅಥವಾ ಉತ್ತರದ ಗೋಡೆಯನ್ನು ಆರಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಮಾರುವ ವಿದ್ಯುತ್ ಚಿಮ್ನಿಗಳಲ್ಲಿ ಕೊಳವೆ ಇಲ್ಲದ ಬಗೆಯೂ ಒಂದಿದೆ. ಅದು ಗಾಳಿಯನ್ನು ಸೋಸಿ ಕೋಣೆಗೇ ಮರಳಿಸುತ್ತದೆ, ಹೊರಗೆ ಹಾಕುವುದಿಲ್ಲ. ಅದಕ್ಕೆ ಹಣ ಕೊಡುವ ಬದಲು ಒಂದು ಕಿಟಕಿಯನ್ನು ಅಗಲ ಮಾಡಿಸಿ, ನೊಣ ಸೊಳ್ಳೆ ಬಾರದಂತೆ ಜಾಲರಿ ಹಾಕಿಸುವುದು ಮೇಲು. ಮಗ್ಗವಿರುವ ಮನೆಗಳಲ್ಲಿ ಈ ಲಾಭ ಇಮ್ಮಡಿ; ಮಸಿಯೂ ಎಣ್ಣೆಯ ಜಿಡ್ಡೂ ರೇಷ್ಮೆಗೆ ತಗಲಿದರೆ ಸೀರೆಯ ಬೆಲೆ ಏನಾಗುವುದೆಂದು ಮೊಳಕಾಲ್ಮೂರಿನವರಿಗೆ ನಾವು ಹೇಳಬೇಕಾಗಿಲ್ಲ.

2016ರ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿದೆ, ನಿಜ. ಆದರೂ ಸೌದೆ ಒಲೆಯನ್ನು ಪೂರ್ತಿ ಬಿಡಲಾಗದ ಮನೆಗಳು ಅನೇಕ. ಅಂಥವರು ಆ ಒಲೆಯನ್ನು ಹಿತ್ತಲಿಗೆ ಒಯ್ದು ಮೇಲೆ ಎರಡು ತಗಡು ಹೊದಿಸಲಿ. ಒಳಗೇ ಇರಬೇಕಾದರೆ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ನೆನಪಿಸಿಕೊಳ್ಳಬೇಕು. ಈಗ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೂ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆ, ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸಲು 1974ರಲ್ಲಿ ಅಸ್ತ್ರ ಎಂಬ ಕೇಂದ್ರವನ್ನು ತೆರೆಯಿತು. ಅಲ್ಲಿ ರೂಪುಗೊಂಡ ಈ ಒಲೆ ಮಣ್ಣು, ಇಟ್ಟಿಗೆಯಿಂದಲೇ ಕಟ್ಟುವಂಥದು. ಉರಿ ಸುತ್ತಲೂ ಮುಚ್ಚಿಕೊಂಡು ಪಾತ್ರೆಗಳ ಬುಡಕ್ಕೆ ಹಾಯುತ್ತದೆ. ಸೌದೆ ಉಳಿಯುತ್ತದೆ, ಹೊಗೆ ಕೊಳವೆಯಿಂದ ಸೂರಿನಾಚೆಗೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಅದೂ ಹೊಗೆ ಕಕ್ಕುತ್ತದೆ.

ಎರಡನೆಯದು ಕಟ್ಟೆಯ ಎತ್ತರ. ಮೇಸ್ತ್ರಿಯ ಅಳತೆ ಎಲ್ಲ ಮನೆಗೂ ಒಂದೇ. ಅಡುಗೆ ಮಾಡುವವರ ಮೈಕಟ್ಟು ಒಂದೇ ಅಲ್ಲ. ಮನೆಯೊಡತಿ ಬರಿಗಾಲಿನಲ್ಲಿ ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈವರೆಗಿನ ಅಳತೆಯಲ್ಲಿ ನಾಲ್ಕು ಅಂಗುಲ ಕಳೆದರೆ ಕಟ್ಟೆಯ ಎತ್ತರ ಸಿಕ್ಕಿತು. ಐದಡಿಯ ತಾಯಿಗೆ ಅದು ಸುಮಾರು 33 ಅಂಗುಲವಾದೀತು. ಆದರೆ ನಮ್ಮದು ಮುದ್ದೆ ಉಣ್ಣುವ ನಾಡು. 33 ಅಂಗುಲದ ಕಟ್ಟೆ, ಅದರ ಮೇಲೆ ಆರಂಗುಲದ ಒಲೆ, ಅದರ ಮೇಲೆ ಒಂಬತ್ತಂಗುಲದ ಪಾತ್ರೆ ಸೇರಿದರೆ ಪಾತ್ರೆಯ ಬಾಯಿ 48 ಅಂಗುಲಕ್ಕೆ, ಎಂದರೆ ಹೆಚ್ಚುಕಡಿಮೆ ಆಕೆಯ ಹೆಗಲಿಗೆ ಬರುತ್ತದೆ. ಹೆಗಲೆತ್ತರದಲ್ಲಿ ಮುದ್ದೆ ಕೋಲು ತೊಳಸಿ ನೋಡಿದ ಗಂಡಸರಿಗೆ ಹೆಂಡತಿಯ ಭುಜನೋವು ಯಾವ ವಾತವೆಂದು ತಾನೇ ತಿಳಿಯುತ್ತದೆ. ಒಲೆಯಿಡುವ ಭಾಗವನ್ನಷ್ಟೇ ಆರೇಳು ಅಂಗುಲ ತಗ್ಗಿಸಿ ಕಟ್ಟಿಸಿದರೆ ಸಾಕು. ಕಟ್ಟುವಾಗಲೇ ಹೇಳಿದರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಾಗೆ ತಗ್ಗಿಸಿದರೂ ಒಲೆ ಸಿಲಿಂಡರಿಗಿಂತ ಮೇಲೇ ಇರಬೇಕು, ಇಲ್ಲವಾದರೆ ಸಿಲಿಂಡರನ್ನು ಪಕ್ಕಕ್ಕೆ, ಸದಾ ನೆಟ್ಟಗೆ ನಿಲ್ಲಿಸಿ, ನೆಲದಲ್ಲೇ ಇಡಬೇಕು. ಅದನ್ನು ಕಪಾಟಿನೊಳಗೆ ಬಂಧಿಸುವುದು ಸಲ್ಲದು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲೇ ತಂಗುತ್ತದೆ. ನೆಲಮಟ್ಟದಲ್ಲೂ ಒಂದು ಗಾಳಿಕಿಂಡಿ ಬೇಕು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಇನ್ನು ಕಪಾಟು. ಅಗ್ಗದ ಮರದ ಪುಡಿಯ ಹಲಗೆಗಳು ನೀರು ತಗಲಿದರೆ ಉಬ್ಬುತ್ತವೆ. ಅವನ್ನು ಅಂಟಿಸಲು ಬಳಸುವ ಗೋಂದಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಹುಕಾಲ ಹೊರಬರುತ್ತಿರುತ್ತದೆ. ಕಣ್ಣು, ಮೂಗು, ಗಂಟಲಿಗೆ ಅದು ಉರಿ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಹಲಗೆಗಳನ್ನು ಕೂರಿಸಿದರೆ ಗೆದ್ದಲಿನ ಭಯವಿಲ್ಲ, ವಾಸನೆಯಿಲ್ಲ, ತೊಳೆಯಬಹುದು. ಅಂದಕ್ಕೆ ಕಡಿಮೆಯೆಂದು ಮಕ್ಕಳು ಮುಖ ಮುರಿದಾರು, ಮುರಿಯಲಿ. ನೆಲಕ್ಕೆ ನುಣುಪಾದ ಟೈಲ್ಸ್ ಬೇಡ. ಎಣ್ಣೆ ಹನಿ ಬಿದ್ದರೆ ಅದು ಗಾಜಿನಂತಾಗುತ್ತದೆ, ವಯಸ್ಸಾದವರ ತೊಡೆಯ ಮೂಳೆ ಮುರಿಯಲು ಒಂದು ಜಾರುವಿಕೆ ಸಾಕು.

ನೀರಿನ ವಿಷಯವನ್ನು ಅಡುಗೆಮನೆಯ ನಕ್ಷೆ ಹಾಕುವಾಗ ಯಾರೂ ಯೋಚಿಸುವುದಿಲ್ಲ. ನಮ್ಮೆರಡೂ ತಾಲ್ಲೂಕುಗಳ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಹಲ್ಲಿನ ಕಂದು ಪಟ್ಟೆ, ದೊಡ್ಡವರ ಬೆನ್ನು ಕೀಲುಗಳ ಬಿಗಿತ, ಇವುಗಳಲ್ಲಿ ಎಷ್ಟೋ ಈ ನೀರಿನ ಫಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಅದನ್ನು ಕುಡಿಯಲು ಮಾತ್ರ ಬಳಸಿ, ಮುದ್ದೆಯ ಎಸರು, ಸಾರು, ಬೇಳೆಗೆ ಬೋರಿನ ನೀರನ್ನೇ ಹಾಕುವ ಮನೆಗಳು ಬಹಳ. ಎಸರಿನ ನೀರೂ ಹೊಟ್ಟೆಗೇ ಹೋಗುವುದು. ಆದುದರಿಂದ ಎರಡು ನೀರಿಗೂ ಬೇರೆ ಬೇರೆ ಜಾಗ ಬೇಕು. ಒಲೆಯ ಕೈಯಳತೆಯಲ್ಲಿ ಎರಡಡಿ ಎತ್ತರದ ಒಂದು ಕಲ್ಲಿನ ಪೀಠ ಕಟ್ಟಿಸಿ, ಅದರ ಮೇಲೆ ನಲ್ಲಿಯುಳ್ಳ ಡ್ರಮ್ ಇಟ್ಟು ಅಡುಗೆಗೂ ಕುಡಿಯಲಿಕ್ಕೂ ಅದೇ ನೀರಾಗಲಿ. ಬೋರಿನ ನಲ್ಲಿ ಪಾತ್ರೆ ತೊಳೆಯುವ ತೊಟ್ಟಿಗೆ ಮಾತ್ರ ಬರಲಿ. ಇಪ್ಪತ್ತು ಲೀಟರಿನ ಕ್ಯಾನನ್ನು ಪೀಠಕ್ಕೆ ಎತ್ತುವ ಕೆಲಸವನ್ನು ಮನೆಯ ಗಂಡುಮಕ್ಕಳು ವಹಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಹಣ ಉಳಿದರೆ ಗ್ರಾನೈಟ್ ಹಾಕಿಸಿ, ನಮ್ಮ ಅಡ್ಡಿಯಿಲ್ಲ. ಗೋಡೆಗೆ ಬಿಳಿಯ ಸುಣ್ಣವಾದರೂ ಸಾಕು. ಬೆಳಕು ಹೆಚ್ಚುತ್ತದೆ, ಜಿಡ್ಡು ಕೂತದ್ದು ಕಾಣುತ್ತದೆ. ದೀಪವನ್ನು ಬೆನ್ನ ಹಿಂದೆ ಹಾಕಿಸದೆ ಕಟ್ಟೆಯ ನೇರ ಮೇಲೆ ಹಾಕಿಸಬೇಕು, ಹೆಚ್ಚುವ ತರಕಾರಿಯ ಮೇಲೆ ತಮ್ಮದೇ ನೆರಳು ಬೀಳದಂತೆ. ಕೆಲಸ ನಡೆಯುವ ದಿನಗಳಲ್ಲಿ ಇಟ್ಟಿಗೆ ಒಡೆದ ಧೂಳು ಮನೆಯೆಲ್ಲ ಹರಡುತ್ತದೆ. ಒಡೆಯುವ ಮುನ್ನ ಗೋಡೆಗೆ ನೀರು ಚಿಮುಕಿಸಲು ಮೇಸ್ತ್ರಿಗೆ ಹೇಳಿ, ಉಬ್ಬಸವಿರುವವರನ್ನೂ ಎಳೆಯ ಮಕ್ಕಳನ್ನೂ ಅಷ್ಟು ದಿನ ಬಂಧುಗಳ ಮನೆಗೆ ಕಳಿಸುವುದು ಒಳ್ಳೆಯದು. ಬಣ್ಣ ಬಳಿಸಿದ್ದರೆ ಕಿಟಕಿಗಳನ್ನು ಹಗಲೆಲ್ಲ ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಹಾಲು ಉಕ್ಕಿಸಿ.